ಬಿ.ಕಾಂನ ಭಾಷಾ ಪತ್ರಿಕೆ ಬರೀ ಹಾಜರಿಗಲ್ಲ

ಕಲಬುರಗಿಯ ಕಾಲೇಜು ಗ್ರೂಪುಗಳಲ್ಲಿ ಒಂದು ಸಂದೇಶ ತಿರುಗುತ್ತಿದೆ: ‘ಬಿ.ಕಾಂನಾಗ ಕನ್ನಡ, ಇಂಗ್ಲಿಷ್, ಪರಿಸರ ಪೇಪರ್ ಬರೀ ಹಾಜರಿಗೆ. ಅಕೌಂಟ್ಸ್ ಪಾಸಾದ್ರ ಡಿಗ್ರಿ ಕೊಡ್ತಾರ. ಸಿಎ ಆಗೋರಿಗಂತೂ ಇದ್ಯಾವುದೂ ಬ್ಯಾಡ.’

ಸುಳ್ಳು. ಕಡ್ಡಾಯ ಪತ್ರಿಕೆ ಒಂದು ಬಾಕಿ ಉಳಿದರೂ ಪದವಿ ಸಿಗುವುದಿಲ್ಲ. ಬಾಕಿ ಇಟ್ಟುಕೊಂಡೇ ಮುಂದಿನ ಸೆಮಿಸ್ಟರಿಗೆ ಹೋಗಲು ಬಿಡುತ್ತಾರೆ, ಗೊಂದಲ ಹುಟ್ಟುವುದೇ ಅಲ್ಲಿ. ನಮ್ಮ ಓಣಿಯ ಹುಡುಗನೊಬ್ಬ ಕಾಸ್ಟಿಂಗ್‌ನಲ್ಲಿ (ವೆಚ್ಚ ಲೆಕ್ಕಶಾಸ್ತ್ರ) ಎಂಬತ್ತರ ಮೇಲೆ ತೆಗೆದವ. ಎರಡನೇ ಸೆಮಿಸ್ಟರಿನ ಕನ್ನಡ ಉಳಿಸಿಕೊಂಡು, ಕೊನೆಗೆ ಅದೊಂದಕ್ಕೇ ಮತ್ತೆ ಶುಲ್ಕ ಕಟ್ಟಿ ಕೂತ.

ಪರಿಸರ ಅಧ್ಯಯನವನ್ನು ಕಾಲೇಜಿನವರು ತಾವಾಗಿ ತುರುಕಿದ್ದಲ್ಲ. 1991ರಲ್ಲಿ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನದ ಫಲವಾಗಿ ಅದು ಪದವಿಗೆ ಬಂತು.

ಸಿಎ ಮಾತು ಅರ್ಧ ನಿಜ. ಪಿಯುಸಿ ಮುಗಿಸಿ ಸಿಎಯ ಮೊದಲ ಹಂತದ ಪರೀಕ್ಷೆಯಾದ ಫೌಂಡೇಶನ್ ಬರೆಯುವವರಿಗೆ ಬಿ.ಕಾಂ ಬೇಕಿಲ್ಲ. ಫೌಂಡೇಶನ್ ಬಿಟ್ಟು ನೇರ ಎರಡನೇ ಹಂತವಾದ ಇಂಟರ್‌ಮೀಡಿಯೆಟ್‌ಗೆ ಹೋಗಬೇಕೆಂದರೆ ವಾಣಿಜ್ಯ ಪದವಿಯಲ್ಲಿ ಕನಿಷ್ಠ ಶೇ 55 ಅಂಕ ಬೇಕು. ಪದವಿಯೇ ಕೈಗೆ ಬಾರದಿದ್ದರೆ ಅಂಕದ ಮಾತೆಲ್ಲಿ?

ಅಂದಹಾಗೆ, ಅಣ್ಣನ ಪತ್ರಿಕೆಗಳ ಪಟ್ಟಿ ತಮ್ಮನಿಗೆ ಹೊಂದದು. 2021-22ರಲ್ಲಿ ನಾಲ್ಕು ವರ್ಷದ ಪದವಿಗೂ ಅವಕಾಶವಿದ್ದ ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) ರಾಜ್ಯಕ್ಕೆ ಬಂತು, 2024-25ರಿಂದ ಮತ್ತೆ ಮೂರು ವರ್ಷದ ಪದವಿ. ನಿಮ್ಮ ಬ್ಯಾಚಿನ ಪಠ್ಯಕ್ರಮವನ್ನೇ ತೆಗೆದು ನೋಡ್ರಿ.