‘ಇದು ಚಟ ಹಿಡಿಸುವುದಿಲ್ಲ’

ಹೆರಾಯಿನ್ ಎಂಬ ಹೆಸರು ಮೊದಲು ಮಾರುಕಟ್ಟೆಗೆ ಬಂದದ್ದು ಕೆಮ್ಮಿನ ಔಷಧಿಯಾಗಿ. 1898ರಲ್ಲಿ ಜರ್ಮನಿಯ ಬೇಯರ್ ಕಂಪನಿ ಅದನ್ನು ಮಾರತೊಡಗಿದಾಗ, ಮಾರ್ಫಿನ್ ಎಂಬ ನೋವಿನ ಮದ್ದಿನಂತಲ್ಲ ಇದು, ಚಟ ಹಿಡಿಸುವುದಿಲ್ಲವೆಂದು ಅನೇಕ ವೈದ್ಯರು ನಂಬಿದ್ದರು. ಮಾದಕ ವಸ್ತುಗಳ ಚರಿತ್ರೆಯನ್ನು ಓದುತ್ತಾ ಹೋದಂತೆ ಕಳ್ಳಸಾಗಣೆಯ ಕಥೆಗಳಿಗಿಂತ ಈ ನಂಬಿಕೆಯೇ ನನ್ನನ್ನು ಹೆಚ್ಚು ಕಾಡಿದೆ. ಏಕೆಂದರೆ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಮದ್ದುಗಳ ಬಗ್ಗೆ, ಬಲ್ಲವರ ಬಾಯಿಂದಲೇ ಅದು ಮತ್ತೆ ಮತ್ತೆ ಬಂದಿದೆ.

ಗಸಗಸೆ ಕಾಯಿಯ ಹಾಲಿನಿಂದ ಸಿಗುವ ಅಫೀಮು ಸಾವಿರಾರು ವರ್ಷಗಳಿಂದ ನೋವಿಗೆ ಮದ್ದಾಗಿತ್ತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅದರಿಂದ ಮಾರ್ಫಿನ್ ಬೇರ್ಪಟ್ಟಿತು. 1850ರ ದಶಕದಲ್ಲಿ ಚುಚ್ಚುಮದ್ದಿನ ಸೂಜಿ ಬಂದಿತು. ಹೊಟ್ಟೆಗೆ ಹೋಗದೆ ನೇರವಾಗಿ ಮೈ ಸೇರುವ ಮದ್ದಿಗೆ ಹಂಬಲವೂ ಹುಟ್ಟದು ಎಂಬ ವಿಚಿತ್ರ ಭರವಸೆ ಆಗಲೂ ಇತ್ತು. ಮಾರ್ಫಿನ್ ಚಟ ಬಿಡಿಸಲು ಕೊಕೇನ್ ಬಂದ ಬಗೆಯಂತೂ ಮನ ಕಲಕುವಂಥದ್ದು. ಗಾಯದಿಂದ ಹೆಬ್ಬೆರಳನ್ನು ಕಳೆದುಕೊಂಡು, ತಾಳಲಾರದ ನೋವಿಗೆ ಮಾರ್ಫಿನ್ ಹಿಡಿದಿದ್ದ ತನ್ನ ಗೆಳೆಯ, ಶರೀರಶಾಸ್ತ್ರಜ್ಞ ಫ್ಲೈಶಲ್‌ಗೆ, 1884ರಲ್ಲಿ ಯುವ ವೈದ್ಯ ಸಿಗ್ಮಂಡ್ ಫ್ರಾಯ್ಡ್ ಕೊಕೇನ್ ಸೂಚಿಸಿದರು. ಸ್ವಲ್ಪ ದಿನ ಗುಣ ಕಂಡಂತಾಯಿತು. ಕೊನೆಗೆ ಆ ಗೆಳೆಯನಿಗೆ ಎರಡರ ಚಟವೂ ಅಂಟಿಕೊಂಡಿತು. 1891ರಲ್ಲಿ, ನಲವತ್ತೈದನೆಯ ವಯಸ್ಸಿಗೆ ಅವರು ತೀರಿಕೊಂಡರು. ಫ್ರಾಯ್ಡ್‌ಗೆ ಕೆಡುಕಿನ ಉದ್ದೇಶ ಇರಲಿಲ್ಲ. ಕೆಲವೇ ದಿನಗಳ ಅನುಭವವನ್ನು ಶಾಸ್ತ್ರವೆಂದು ನಂಬಿದ್ದೇ ಅವರ ತಪ್ಪು.

ಇಷ್ಟೆಲ್ಲ ಆದ ಮೇಲೂ 1996ರಲ್ಲಿ ಅಮೆರಿಕದಲ್ಲಿ ಆಕ್ಸಿಕಾಂಟಿನ್ ಎಂಬ, ಅಫೀಮಿನ ಗುಂಪಿಗೇ ಸೇರಿದ ನೋವಿನ ಮಾತ್ರೆ ಮಾರಾಟಕ್ಕೆ ಬಂದಾಗ, ಅದು ನಿಧಾನವಾಗಿ ಕರಗುವುದರಿಂದ ದುರ್ಬಳಕೆ ಕಡಿಮೆ ಎಂದೇ ಹೇಳಲಾಯಿತು. ಚಟದ ಅಪಾಯವನ್ನು ಮರೆಮಾಚಿ ಮಾರಿದ್ದಾಗಿ 2007ರಲ್ಲಿ ಅದರ ತಯಾರಕ ಪರ್ಡ್ಯೂ ಕಂಪನಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. ಅಷ್ಟರಲ್ಲಿ ಚಟಕ್ಕೆ ಬಿದ್ದಿದ್ದ ಹಲವರು ಮಾತ್ರೆಯಿಂದ ಹೆರಾಯಿನ್‌ಗೆ ಸರಿದರು, ಮುಂದೆ ಬೀದಿಯ ಹೆರಾಯಿನ್‌ನೊಳಗೆ ಫೆಂಟನಿಲ್ ಸೇರಿಕೊಂಡಿತು. ಮಾರ್ಫಿನ್‌ಗಿಂತ ಸುಮಾರು ನೂರು ಪಟ್ಟು ತೀಕ್ಷ್ಣವಾದ ಇದು ಎರಡು ಮಿಲಿಗ್ರಾಮಿನಷ್ಟಿದ್ದರೂ ಪ್ರಾಣಕ್ಕೆ ಎರವಾಗಬಹುದು.

ಅಫೀಮಿನ ಗುಂಪಿನ ಈ ಮಾದಕಗಳು ಕೊಲ್ಲುವ ಬಗೆ ಸರಳ: ಉಸಿರಾಟವನ್ನು ನಡೆಸುವ ಮಿದುಳಿನ ಭಾಗವನ್ನು ಅವು ಮಂಕಾಗಿಸುತ್ತವೆ, ಮನುಷ್ಯ ಮಲಗಿದಲ್ಲೇ ಉಸಿರು ಮರೆಯುತ್ತಾನೆ. ಮದ್ಯವನ್ನೋ ನಿದ್ರೆ ಮಾತ್ರೆಯನ್ನೋ ಜೊತೆಗೆ ಸೇವಿಸಿದರೆ ಅಪಾಯ ಇನ್ನೂ ಹೆಚ್ಚು. (ಮದ್ಯವನ್ನು ನಾವು ಮಾದಕಗಳ ಪಟ್ಟಿಯಿಂದ ಹೊರಗಿಡುವುದು ಅಭ್ಯಾಸಬಲದಿಂದ ಮಾತ್ರ, ವರ್ಷಗಟ್ಟಲೆ ಕುಡಿದವರು ವೈದ್ಯರ ನೆರವಿಲ್ಲದೆ ಥಟ್ಟನೆ ನಿಲ್ಲಿಸಿದರೆ ಸೆಳವು, ಸನ್ನಿ ಬಂದು ಸಾಯಲೂಬಹುದು.)

ಬಹಳ ಜನರಿಗೆ ತಿಳಿಯದ ಸಂಗತಿಯೊಂದಿದೆ. ಅಫೀಮಿನ ಗುಂಪಿನ ಮಾದಕವನ್ನು ಕೆಲವು ವಾರ ಬಿಟ್ಟಿದ್ದವರು, ಅಂದರೆ ಚಿಕಿತ್ಸಾ ಕೇಂದ್ರದಿಂದಲೋ ಸೆರೆಮನೆಯಿಂದಲೋ ಹೊರಬಂದವರು, ಮತ್ತೆ ಹಳೆಯ ಪ್ರಮಾಣವನ್ನೇ ತೆಗೆದುಕೊಂಡಾಗ ಸಾಯುವ ಸಂಭವ ಬಹಳ ಹೆಚ್ಚು, ಏಕೆಂದರೆ ದೇಹ ಅಷ್ಟರಲ್ಲಿ ತಾಳಿಕೆಯನ್ನು ಕಳೆದುಕೊಂಡಿರುತ್ತದೆ. ಅಂಥ ಹೊತ್ತಿನಲ್ಲಿ ನಾಲಾಕ್ಸೋನ್ ಎಂಬ ಮದ್ದು ಕೆಲವೇ ನಿಮಿಷಗಳಲ್ಲಿ ಉಸಿರನ್ನು ಮರಳಿಸಬಲ್ಲದು. ಆದರೆ ಅದರ ಪರಿಣಾಮ ಹೆಚ್ಚೆಂದರೆ ಒಂದೂವರೆ ಗಂಟೆ. ಮಾದಕ ಅದಕ್ಕಿಂತ ಹೆಚ್ಚು ಹೊತ್ತು ಒಳಗಿರಬಹುದಾದ್ದರಿಂದ, ಎದ್ದು ಕುಳಿತು ‘ನಾನು ಚೆನ್ನಾಗಿದ್ದೇನೆ’ ಎನ್ನುವವರನ್ನೂ ಆಸ್ಪತ್ರೆಗೆ ಕರೆದೊಯ್ಯಲೇಬೇಕಾಗುತ್ತದೆ.