ಜೆಫರ್‌ಸನ್ ಬಾಟಲಿಗಳು ಮತ್ತು ಸೀಸಿಯಂ ಪರೀಕ್ಷೆ: ಸ್ಪಷ್ಟನೆ

‘ಅಮೆರಿಕದ 3ನೇ ಅಧ್ಯಕ್ಷ ಥಾಮಸ್ ಜೆಫರ್‌ಸನ್‌ರದ್ದೆಂದು ಮಾರಿದ ವೈನ್ ನಕಲಿ ಎಂದು ಅಮೆರಿಕದ ಉದ್ಯಮಿ, ವೈನ್ ಸಂಗ್ರಾಹಕ ಬಿಲ್ ಕೋಕ್ ಮಾಡಿಸಿದ ವಿಕಿರಣ ಪರೀಕ್ಷೆ ಸಾಬೀತುಪಡಿಸಿತು’ ಎಂಬ ಮಾತು ಹರಿದಾಡುತ್ತಿದೆ. ನಡೆದದ್ದು ಇದಕ್ಕೆ ತದ್ವಿರುದ್ಧ.

ಜರ್ಮನಿಯ ವೈನ್ ಸಂಗ್ರಾಹಕ ಹಾರ್ಡಿ ರೋಡನ್‌ಸ್ಟಾಕ್ ಮಾರುಕಟ್ಟೆಗೆ ತಂದ ಈ ಬಾಟಲಿಗಳಲ್ಲೊಂದು, 1787ರ ಫ್ರೆಂಚ್ ವೈನ್ ಲಫೀಟ್, 1985ರ ಡಿಸೆಂಬರಿನಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ 1,05,000 ಪೌಂಡಿಗೆ ಹೋಯಿತು. ಕೋಕ್ ಕೊಂಡಿದ್ದು ಬೇರೆ ನಾಲ್ಕು. ಅವುಗಳನ್ನು ಫ್ರೆಂಚ್ ಭೌತವಿಜ್ಞಾನಿ ಫಿಲಿಪ್ ಹ್ಯೂಬರ್ ಪರೀಕ್ಷಿಸಿದಾಗ ಸೀಸಿಯಂ-137 ಸಿಗಲೇ ಇಲ್ಲ.

ಸೀಸಿಯಂ-137 ಅಣುಸ್ಫೋಟಗಳಿಂದ ಹರಡಿದ ವಿಕಿರಣಶೀಲ ಧಾತು. 1945ಕ್ಕೆ ಮುಂಚಿನ ದ್ರಾಕ್ಷಿಯಲ್ಲಿ ಅದು ಇರದು. ಅದರ ಗಾಮಾ ಕಿರಣ ಗಾಜನ್ನು ದಾಟಿ ಬರುವುದರಿಂದ ಬಿರಡೆ ತೆಗೆಯಬೇಕಿಲ್ಲ. ಸಂಕೇತ ತೀರಾ ಕ್ಷೀಣ, ಹಾಗಾಗಿ ಸುತ್ತಲಿನ ವಿಕಿರಣ ತಡೆಯಲು ಸೀಸದ ಕವಚ ಬೇಕು. ಸಿಕ್ಕರೆ ಹಳೆಯ ವೈನ್ ಎಂಬ ಮಾತು ಬಿದ್ದುಹೋಗುತ್ತದೆ. ಸಿಗದಿದ್ದರೆ? ಅಣುಯುಗಕ್ಕಿಂತ ಹಿಂದಿನದು ಎಂದಷ್ಟೇ ಅರ್ಥ. 1930ರ ವೈನನ್ನು 1787ರದ್ದೆಂದು ತುಂಬಿಟ್ಟರೂ ಈ ಪರೀಕ್ಷೆ ಪಾಸಾಗುತ್ತದೆ! ಇದನ್ನು ‘ಅಸಲಿ’ ಪ್ರಮಾಣಪತ್ರದಂತೆ ತೋರಿಸುವುದು ಖರೀದಿದಾರರಿಗೆ ಮಾಡುವ ಅನ್ಯಾಯ.

ಕೋಕ್ ಪರ ತನಿಖೆಯಲ್ಲಿ ಮುಖ್ಯ ಸುಳಿವು ಸಿಕ್ಕಿದ್ದು ಗಾಜಿನ ಮೇಲೆ. ಬಾಟಲಿಗಳ ಮೇಲಿದ್ದ, ಜೆಫರ್‌ಸನ್‌ರ ಹೆಸರಿನ ಮೊದಲಕ್ಷರಗಳೆನ್ನಲಾದ ‘ಟಿಎಚ್.ಜೆ.’ ಕೆತ್ತನೆಯ ಗೆರೆಗಳು ದಂತವೈದ್ಯರ ಡ್ರಿಲ್‌ನಂಥ ವಿದ್ಯುತ್ ಉಪಕರಣದವು ಎಂದು ತಜ್ಞರು ಗುರುತಿಸಿದರು. 18ನೇ ಶತಮಾನದ ಕೆತ್ತನೆ ಕಾಲಿನಿಂದ ತುಳಿದು ತಿರುಗಿಸುವ ತಾಮ್ರದ ಚಕ್ರದ್ದು. ಜೆಫರ್‌ಸನ್‌ರ ಮನೆ ಮಾಂಟಿಚೆಲೊದ ಸಂಶೋಧಕರಿಗೂ ಅವರ ಲೆಕ್ಕಪತ್ರಗಳಲ್ಲಿ ಈ ಬಾಟಲಿಗಳ ಸುಳಿವು ಸಿಕ್ಕಿರಲಿಲ್ಲ.