ಕೊಳವೆಯ ಇನ್ನೊಂದು ತುದಿ ಹಿಡಿಯುವವನು

ಮನೆಯಲ್ಲೇ ಆಫ್‌ರೋಡ್ ಗಾಡಿ ಕಟ್ಟಲು ಹೊರಟವರಿಗೆ ವೆಲ್ಡಿಂಗ್ ಯಂತ್ರ, ಗ್ರೈಂಡರ್, ಹಳೆಯ ಚಾಸಿ ಇವೆಲ್ಲಕ್ಕಿಂತ ಮೊದಲು ಬೇಕಾಗುವುದು ಕೊಳವೆಯ ಇನ್ನೊಂದು ತುದಿ ಹಿಡಿದು ನಿಲ್ಲುವ ಒಬ್ಬ ಮನುಷ್ಯ. ಅವನಿಗೆ ಬೆಸುಗೆ ಹಾಕಲು ಬರಬೇಕಿಲ್ಲ, ಗಾಡಿಯ ಮೇಲೆ ಮೋಹವೂ ಬೇಕಿಲ್ಲ. ಭಾನುವಾರ ಮನೆಯಲ್ಲಿದ್ದರೆ ಸಾಕು. ನನ್ನ ಭಾವಮೈದುನನ ಗಾಡಿಗೆ ಆ ಹುದ್ದೆಯಲ್ಲಿರುವವನು ನಾನು. ಅವನ ಮನೆಯಲ್ಲಿ ಜಾಗವಿಲ್ಲ, ನಮ್ಮ ಶೆಡ್ಡಿನಲ್ಲಿ ಇದೆ ಎಂಬ ಒಂದೇ ಕಾರಣಕ್ಕೆ ನೇಮಕವಾಯಿತು. ಸಂಬಳವಿಲ್ಲ, ರಜೆಯಿಲ್ಲ, ರಾಜೀನಾಮೆ ಕೊಟ್ಟರೆ ಸ್ವೀಕರಿಸುವವರೂ ಇಲ್ಲ.

ಅವನ ಪಟ್ಟಿಯಲ್ಲಿ ಮುಂದಿನ ಬಂಪರ್, ಬಂಡೆಗೆ ತಾಗಿದಾಗ ಬಾಗಿಲನ್ನು ಕಾಯುವ ಅಡ್ಡಕೊಳವೆಗಳು, ಮೇಲೆ ಸಾಮಾನು ಹೇರುವ ಚೌಕಟ್ಟು ಮತ್ತು ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ರೋಲ್ ಕೇಜ್, ಅಂದರೆ ಗಾಡಿ ಮಗುಚಿದರೆ ಒಳಗಿನವರನ್ನು ಕಾಯುವ ಕೊಳವೆಯ ಪಂಜರ, ಇದ್ದವು. ಎಲ್ಲಕ್ಕೂ ಉಕ್ಕಿನ ಕೊಳವೆ ಬೇಕು, ಎಲ್ಲವೂ ಬಾಗಿರಬೇಕು. ಕೊಳವೆ ಕೊಳ್ಳುವುದು ಸುಲಭ. ಬಾಗಿಸುವ ಯಂತ್ರದ ವಿಷಯ ಬಂದಾಗ ಅವನು ಬಹಳ ಓದಿದ, ಬಹಳ ಯೋಚಿಸಿದ, ಆಮೇಲೆ ಎಲ್ಲಕ್ಕಿಂತ ಅಗ್ಗವಾದುದನ್ನು ತಂದ.

ಅಗ್ಗದ್ದು ಎಂದರೆ ಹೈಡ್ರಾಲಿಕ್ ಜ್ಯಾಕಿನದು. ಎರಡು ಕಡೆ ಎರಡು ಉರುಳೆಗಳು ಕೊಳವೆಗೆ ಆನಿಕೆಯಾಗಿ ನಿಲ್ಲುತ್ತವೆ. ನಡುವೆ ಅರ್ಧಚಂದ್ರಾಕಾರದ ಒಂದು ಅಚ್ಚು. ಹಿಡಿಯನ್ನು ಮೇಲೆ ಕೆಳಗೆ ಆಡಿಸಿದಂತೆ ಜ್ಯಾಕ್ ಆ ಅಚ್ಚನ್ನು ಕೊಳವೆಯ ಹೊಟ್ಟೆಗೆ ಒತ್ತುತ್ತದೆ. ಜೊತೆಗೆ ಚಿಕ್ಕದರಿಂದ ದೊಡ್ಡದರವರೆಗೆ ಒಂದು ಸಾಲು ಅಚ್ಚುಗಳು ಪುಕ್ಕಟೆ. “ಭಾವ, 12 ಟನ್ ಬಲ!” ಎಂದು ಅವನು ಪೆಟ್ಟಿಗೆಯನ್ನು ತಟ್ಟಿದ. ಇಡೀ ಗಾಡಿಯನ್ನೇ ಮಡಿಚಿ ಒಳಗೆ ಹಾಕುವ ಯೋಜನೆಯೇನಾದರೂ ಇದೆಯೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ, ತುದಿ ಹಿಡಿದುಕೊಂಡೆ.

12 ಟನ್ ತನ್ನ ಕೆಲಸ ಮಾಡಿತು. ಕೊಳವೆ ಬಾಗಲಿಲ್ಲ, ಮಡಿಚಿಕೊಂಡಿತು. ಒಳಮೈ ಸುಕ್ಕುಗಟ್ಟಿ, ಹೊರಮೈ ಚಪ್ಪಟೆಯಾಗಿ, ನಡುವೆ ಒಂದು ಗುಳಿ. ಭಾವಮೈದುನ ಅದನ್ನು ಬೆಳಕಿಗೆ ಹಿಡಿದು ಎಲ್ಲ ಕೋನಗಳಿಂದ ನೋಡಿ, “ದೂರದಿಂದ ಗೊತ್ತಾಗುವುದಿಲ್ಲ” ಎಂದ. ಎಷ್ಟು ದೂರದಿಂದ ಎಂಬುದನ್ನು ಹೇಳಲಿಲ್ಲ.

ಇದರಲ್ಲಿ ಯಂತ್ರದ ತಪ್ಪು ಏನೂ ಇರಲಿಲ್ಲ ಎಂಬುದನ್ನು ನ್ಯಾಯದ ದೃಷ್ಟಿಯಿಂದ ಹೇಳಲೇಬೇಕು. ಅದನ್ನು ಮಾಡಿರುವುದು ನೀರಿನ ಪೈಪುಗಳಿಗೆ. ಆ ಪೈಪುಗಳ ಗೋಡೆ ದಪ್ಪ. ನೀರು ಹರಿದರೆ ಸಾಕು, ಅಂದವನ್ನು ಯಾರೂ ಕೇಳುವುದಿಲ್ಲ. ಇನ್ನೊಂದು ತೊಡಕು ಅಳತೆಯದು. ಪೈಪಿಗೆ ಹೇಳುವ ಇಂಚು ಹೆಚ್ಚುಕಡಿಮೆ ಒಳಗಿನ ತೂತಿನ ಲೆಕ್ಕ. ಗಾಡಿ ಕಟ್ಟುವವರು ಬಳಸುವ ಟ್ಯೂಬಿಗೆ ಹೇಳುವ ಇಂಚು ಹೊರವ್ಯಾಸದ ಲೆಕ್ಕ. ಒಂದೂವರೆ ಇಂಚಿನ ಟ್ಯೂಬಿನ ಹೊರವ್ಯಾಸ 38.1 ಮಿ.ಮೀ. ಒಂದೂವರೆ ಇಂಚಿನ ಪೈಪಿನದು 48.3 ಮಿ.ಮೀ. ಅದರ ಕೆಳಗಿನ ಒಂದೂಕಾಲು ಇಂಚಿನ ಪೈಪು 42.2, ಅದಕ್ಕೂ ಕೆಳಗಿನ ಒಂದು ಇಂಚಿನದು 33.4. ಅಂದರೆ ಪುಕ್ಕಟೆ ಬಂದ ಅಷ್ಟೂ ಅಚ್ಚುಗಳಲ್ಲಿ ನಮ್ಮ ಟ್ಯೂಬಿಗೆ ಸರಿಹೋಗುವುದು ಒಂದೂ ಇಲ್ಲ. ಎರಡು ಸಡಿಲ, ಒಂದು ಬಿಗಿ. ಅಕ್ಕಪಕ್ಕದಲ್ಲಿ ಆಸರೆಯಿಲ್ಲದ ತೆಳುಗೋಡೆಯ ಟ್ಯೂಬು 12 ಟನ್ನಿನ ಎದುರು ಚಪ್ಪಟೆಯಾಗದೆ ಇನ್ನೇನು ಮಾಡೀತು?

ಆಮೇಲೆ ಮರಳಿನ ಕಾಲ ಬಂತು. ಟ್ಯೂಬಿನೊಳಗೆ ಮರಳನ್ನು ಗಟ್ಟಿಯಾಗಿ ತುಂಬಿ, ಎರಡೂ ತುದಿ ಮುಚ್ಚಿ ಬಾಗಿಸಿದರೆ ಗುಳಿ ಬೀಳುವುದು ಕಡಿಮೆಯಾಗುತ್ತದೆ. ಹಳೆಯ ಉಪಾಯ, ನಿಜವಾದ ಉಪಾಯ. ಮರಳು ಮಾತ್ರ ಒಣಗಿರಬೇಕು. ಒದ್ದೆ ಮರಳು ತುಂಬಿ ತುದಿ ಬಿಗಿದು ಬೆಂಕಿಯಲ್ಲಿ ಕಾಯಿಸಿದರೆ ಒಳಗಿನ ನೀರು ಹಬೆಯಾಗಿ ಮುಚ್ಚಳವನ್ನು ಗುಂಡಿನ ವೇಗದಲ್ಲಿ ಹಾರಿಸಬಲ್ಲದು, ಮತ್ತು ಮುಚ್ಚಳದ ಎದುರಿಗೆ ನಿಲ್ಲುವವನು ಯಾರೆಂದು ನಿಮಗೆ ಈಗಾಗಲೇ ಗೊತ್ತಿದೆ. ಹಾಗಾಗಿ ಮರಳು ಒಣಗಿಸುವ ಇಲಾಖೆಯನ್ನು ನಾನೇ ವಹಿಸಿಕೊಂಡೆ. ಬಾಗು ಮೊದಲಿಗಿಂತ ಚೆನ್ನಾಗಿ ಬಂತು. ಆದರೆ ತುಂಬಲು, ಕುಟ್ಟಲು, ಬಾಗಿಸಲು, ಸುರಿಯಲು ಇಡೀ ಬೆಳಗು ಹೋಯಿತು. ಒಳಗೆ ಉಳಿದ ಕಾಳುಗಳು ಬೆಸುಗೆಯ ಹೊತ್ತಿಗೆ ಸರಿಯಾಗಿ ಹೊರಬಂದು ಬೆಸುಗೆಯನ್ನು ಕೆಡಿಸಿದವು. ನನ್ನ ಅಂಗಿಯ ಜೇಬಿನಿಂದ ಇನ್ನೂ ಬರುತ್ತಿವೆ.

ಸತು ಲೇಪಿಸಿದ ಪೈಪು ತಂದು “ತುಕ್ಕು ಹಿಡಿಯುವುದಿಲ್ಲ ಭಾವ” ಎಂದದ್ದೂ ಉಂಟು. ಅದನ್ನು ವೆಲ್ಡ್ ಮಾಡಿದರೆ ಏಳುವ ಸತುವಿನ ಹೊಗೆ ಜ್ವರ ತರಿಸುತ್ತದೆ ಎಂದು ಹೇಳಿ ವಾಪಸು ಕಳಿಸಿದೆ. ಇಂಥ ವಿಷಯಗಳಲ್ಲಿ ಮಾತ್ರ ತುದಿ ಹಿಡಿಯುವವನಿಗೂ ಒಂದು ಮತವಿರಬೇಕು.

ಕೊನೆಗೆ ಅವನ ಕಣ್ಣು ನಿಜವಾದ ಟ್ಯೂಬ್ ಬೆಂಡರಿನ ಮೇಲೆ ಬಿತ್ತು. ಇದರಲ್ಲಿ ಟ್ಯೂಬನ್ನು ಡೈ ಎಂಬ ಗುಂಡನೆಯ ಅಚ್ಚಿಗೆ ಕಚ್ಚಿಸಿ ಡೈಯನ್ನೇ ತಿರುಗಿಸುತ್ತಾರೆ. ಹಿಂದಿನಿಂದ ಒಂದು ಉಕ್ಕಿನ ತುಂಡು ಟ್ಯೂಬಿಗೆ ಅಂಟಿಕೊಂಡು ಆಸರೆ ಕೊಡುತ್ತದೆ. ಡೈಯ ಕಾಲುವೆ ಟ್ಯೂಬಿನ ಮೈಗೆ ಸರಿಯಾಗಿ ಕೂರುವುದರಿಂದ ಅದು ಪಕ್ಕಕ್ಕೆ ಉಬ್ಬಲಾರದು. ಕೈಯಿಂದ ತಿರುಗಿಸುವ ಮಾದರಿಯ ಬೆಲೆ ನೋಡಿ ಅವನು ಹಿಗ್ಗಿದ. ಆ ಬೆಲೆ ಚೌಕಟ್ಟಿಗೆ ಮಾತ್ರ ಎಂಬುದು ಪುಟದ ಕೆಳಗಿನ ಸಣ್ಣ ಅಕ್ಷರಗಳಲ್ಲಿತ್ತು. ಡೈ ಬೇರೆ. ಒಂದು ಡೈ ಒಂದೇ ಹೊರವ್ಯಾಸಕ್ಕೆ, ಒಂದೇ ಬಾಗಿನ ತ್ರಿಜ್ಯಕ್ಕೆ. ಅಳತೆ ಬದಲಾದರೆ ಇನ್ನೊಂದು ಡೈ, ಅದಕ್ಕೊಂದು ಆಸರೆಯ ತುಂಡು. ಬಂಪರಿಗೆ ಒಂದು, ಚೌಕಟ್ಟಿಗೆ ಒಂದು, ಕೇಜಿಗೆ ಒಂದು ಎಂದು ಕೂಡಿಸುತ್ತಾ ಹೋದರೆ ಯಂತ್ರವೇ ಡೈಗಳ ಜೊತೆ ಉಚಿತವಾಗಿ ಬಂದಂತೆ ಕಾಣುತ್ತದೆ.

ಲೆಕ್ಕದ ಚೀಟಿ ನನ್ನ ಹೆಂಡತಿಯ ಕೈಗೆ ಸಿಕ್ಕಿತು. ಅವಳು ಲೋಹದ ಬಗ್ಗೆ ಏನೂ ಕೇಳಲಿಲ್ಲ. “ಒಟ್ಟು ಎಷ್ಟು ಬಾಗು ಬೇಕು?” ಎಂದಳು. ಶೆಡ್ಡಿನಲ್ಲಿ ಮೌನ. ನಿಜವಾಗಿ ಎಣಿಸಿದರೆ ಎರಡು ಕೈ ಬೆರಳುಗಳಲ್ಲಿ ಮುಗಿಯುವಷ್ಟು ಇದ್ದವು. ಅಷ್ಟನ್ನು ಬೆಂಡರ್ ಇರುವ ಯಾವುದಾದರೂ ವರ್ಕ್‌ಶಾಪಿನಲ್ಲಿ ಮಾಡಿಸಿಕೊಂಡು ಸಂಜೆಗೆ ಮನೆಗೆ ಬರಬಹುದು. ಬೆಂಡರ್ ಕೊಳ್ಳುವವರೆಲ್ಲ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೊಂದೇ. ಆದ್ದರಿಂದಲೇ ಯಾರೂ ಕೇಳಿಕೊಳ್ಳುವುದಿಲ್ಲ. ಭಾವಮೈದುನ ಕೂಡಲೇ ಬಾಗುಗಳ ಸಂಖ್ಯೆಯನ್ನು ಹೆಚ್ಚಿಸತೊಡಗಿದ. ಗೇಟು, ಮೆಟ್ಟಿಲ ಕೈಹಿಡಿ, ಬಳ್ಳಿ ಹಬ್ಬಿಸುವ ಕಮಾನು... “ಅಕ್ಕ, ನಿನಗೊಂದು ಉಯ್ಯಾಲೆ” ಎಂದಾಗ ಅವಳು ಚೀಟಿಯನ್ನು ಹಿಂದಕ್ಕೆ ಕೊಟ್ಟಳು. ಯಂತ್ರ ಬಂತು.

ಉಯ್ಯಾಲೆಗೆ ಒಪ್ಪುವ ಡೈ 38.1ರದು. ಆದ್ದರಿಂದ ಗಾಡಿಯೂ 38.1ಕ್ಕೆ ಇಳಿಯಿತು. ಒಂದೇ ಡೈ ಕೊಂಡು, ಮಾಡುವುದನ್ನೆಲ್ಲ ಆ ಡೈಗೆ ಹೊಂದಿಸುವುದು ಬಡವರ ಜಾಣತನ. ಬಲ್ಲವರೂ ಅದನ್ನೇ ಹೇಳುತ್ತಾರೆ. ಬಾಗಿನ ತ್ರಿಜ್ಯ ಟ್ಯೂಬಿನ ನಡುಗೆರೆಯವರೆಗೆ ಅಳೆದರೆ ವ್ಯಾಸದ ಮೂರು ಪಟ್ಟು, ಅಂದರೆ ಸುಮಾರು 114 ಮಿ.ಮೀ. ಅದಕ್ಕಿಂತ ಬಿಗಿಯಾಗಿ ಬಾಗಿಸಲು ಟ್ಯೂಬಿನೊಳಗೆ ಮ್ಯಾಂಡ್ರೆಲ್ ಎಂಬ ಆಸರೆಯ ಕಂಬಿ ತೂರಿಸುವ ದೊಡ್ಡ ಯಂತ್ರಗಳ ಸಹವಾಸ ಸಾಮಾನ್ಯವಾಗಿ ಬೇಕಾಗುತ್ತದೆ.

ಈ ಯಂತ್ರಕ್ಕೆ ಆಳೆತ್ತರದ ಹಿಡಿ. ಬುಡವನ್ನು ನೆಲಕ್ಕೆ ಕಚ್ಚಿಸದೆ ಹಿಡಿ ಎಳೆದರೆ ಟ್ಯೂಬು ಬಾಗುವ ಬದಲು ಯಂತ್ರವೇ ಶೆಡ್ಡಿನಲ್ಲಿ ಪ್ರದಕ್ಷಿಣೆ ಹಾಕುತ್ತದೆ. ಅದರ ಮೇಲೆ ಕುಳಿತು ಭಾರ ಕೊಡಲು ನನ್ನನ್ನು ಕೇಳಿದಾಗ ಒಪ್ಪಲಿಲ್ಲ. ಕಾಂಕ್ರೀಟಿಗೆ ಆಂಕರ್ ಬೋಲ್ಟ್ ಇಳಿಸಿದೆವು. ಜಾಗದ ಲೆಕ್ಕವನ್ನೂ ಯಾವ ಜಾಹೀರಾತೂ ಹೇಳುವುದಿಲ್ಲ. ಹಿಡಿ ಒಂದು ಕಡೆ ತಿರುಗುವಾಗ ಟ್ಯೂಬಿನ ಬಾಗುವ ತುದಿ ಇನ್ನೊಂದು ವೃತ್ತ ಬರೆಯುತ್ತದೆ. ಆ ವೃತ್ತದಲ್ಲಿ ಒಂದು ಬಣ್ಣದ ಡಬ್ಬಿ, ಒಂದು ಬಲ್ಬು ಮತ್ತು ನನ್ನ ಮೊಣಕಾಲು ಇದ್ದವು. ಈಗ ಮೊಣಕಾಲು ಮಾತ್ರ ಉಳಿದಿದೆ.

ಉಕ್ಕಿಗೂ ಒಂದು ಸ್ವಾಭಿಮಾನವಿದೆ. 90 ಡಿಗ್ರಿಗೆ ಬಾಗಿಸಿ ಹಿಡಿ ಬಿಟ್ಟರೆ ಅದು ಕೆಲವು ಡಿಗ್ರಿ ಹಿಂದಕ್ಕೆ ಬರುತ್ತದೆ. ಎಷ್ಟು ಎಂಬುದು ಗೋಡೆಯ ದಪ್ಪ, ಉಕ್ಕಿನ ಜಾತಿಯ ಮೇಲೆ ನಿಂತ ಮಾತು; ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಕ್ರೋಮೋಲಿ ಉಕ್ಕಾದರೆ ಸಾದಾ ಉಕ್ಕಿಗಿಂತ ಹೆಚ್ಚು ಹಟ. ಚೂರು ತುಂಡಿನ ಮೇಲೆ ಪರೀಕ್ಷಿಸಿ, ಅಷ್ಟೇ ಹೆಚ್ಚಾಗಿ ಬಾಗಿಸಬೇಕು. ಬೆಸುಗೆಯ ಗೆರೆಯಿರುವ ಟ್ಯೂಬಾದರೆ ಆ ಗೆರೆ ಬಾಗಿನ ಒಳಗೂ ಬರಬಾರದು, ಹೊರಗೂ ಬರಬಾರದು, ಪಕ್ಕಕ್ಕಿರಬೇಕು. ಹಿಗ್ಗುವಿಕೆಯೂ ಕುಗ್ಗುವಿಕೆಯೂ ಕಡಿಮೆಯಿರುವ ಜಾಗ ಅದು. ಇಷ್ಟನ್ನು ಅವನು ಅಚ್ಚುಕಟ್ಟಾಗಿ ಮಾಡಿದ. ಉಯ್ಯಾಲೆಯ ಎರಡು ಕಮಾನುಗಳು ಸೊಗಸಾಗಿ ಬಂದವು. ಆ ಹುಮ್ಮಸ್ಸಿನಲ್ಲಿ ಬಂಪರಿಗೆ ಕೈ ಹಾಕಿದ.

ಬಂಪರಿಗೆ ಎರಡು ಬಾಗು, ಎರಡೂ ಒಂದೇ ಸಮತಲದಲ್ಲಿರಬೇಕು. ಮೊದಲ ಬಾಗು ಮುಗಿದ ಮೇಲೆ ಟ್ಯೂಬಿನ ಉದ್ದಕ್ಕೂ ಒಂದು ನೇರ ಗೆರೆ ಎಳೆದು, ಬಾಗಿದ ಭಾಗಕ್ಕೆ ರಸಮಟ್ಟ ಇಟ್ಟು, ಆಮೇಲೆ ಎರಡನೆಯದಕ್ಕೆ ಹೋಗಬೇಕು. ರಸಮಟ್ಟ ಆ ಹೊತ್ತಿಗೆ ಮನೆಯೊಳಗೆ ಉಯ್ಯಾಲೆಯ ಜಾಗ ಅಳೆಯುವ ಕೆಲಸದಲ್ಲಿತ್ತು. “ಕಣ್ಣಳತೆ ಸಾಕು” ಎಂದ ಅವನು. ಬಂಪರ್ ಕೂರಿಸಿದಾಗ ಅದರ ಎಡತುದಿ ರಸ್ತೆಯನ್ನೂ ಬಲತುದಿ ಮೋಡಗಳನ್ನೂ ನೋಡುತ್ತಿತ್ತು. ಗಾಡಿ ಒಂದೇ ಹುಬ್ಬು ಏರಿಸಿದ ಮೇಷ್ಟರಂತೆ ನಮ್ಮನ್ನು ದಿಟ್ಟಿಸಿತು.

ರೋಲ್ ಕೇಜಿನ ವಿಷಯದಲ್ಲಿ ಮಾತ್ರ ನಾನು ಸಡಿಲ ಬಿಡಲಿಲ್ಲ. ಎಫ್‌ಐಎ ಎಂಬ ಅಂತರರಾಷ್ಟ್ರೀಯ ಆಟೊಮೊಬೈಲ್ ಒಕ್ಕೂಟ ತನ್ನ ಸ್ಪರ್ಧೆಗಳ ಗಾಡಿಗಳಿಗೆ ಬರೆದಿಟ್ಟ ನಿಯಮವನ್ನು ಓದಿ ಹೇಳಿದೆ. ಮುಖ್ಯ ಕಮಾನಿಗೆ 45 ಮಿ.ಮೀ. ವ್ಯಾಸಕ್ಕೆ 2.5 ಮಿ.ಮೀ. ಗೋಡೆ, ಇಲ್ಲವೇ 50ಕ್ಕೆ 2. ಟ್ಯೂಬು ಬೆಸುಗೆಯ ಗೆರೆಯಿಲ್ಲದ್ದೇ ಆಗಬೇಕು. ಕಾಯಿಸದೆ ಬಾಗಿಸಬೇಕು, ತ್ರಿಜ್ಯ ವ್ಯಾಸದ ಮೂರು ಪಟ್ಟಿಗೆ ಕಡಿಮೆಯಿರಕೂಡದು. ಬಾಗಿದಲ್ಲಿ ಅಂಡಾಕಾರವಾದರೆ ಕಿರಿಯ ವ್ಯಾಸ ಹಿರಿಯದರ 0.9 ಪಾಲಿಗಿಂತ ಕಡಿಮೆಯಾಗಬಾರದು. ಗಾಡಿ ಮಗುಚಿದಾಗ ತಲೆಯ ಮೇಲಿರುವುದು ಅದೊಂದೇ. ಅಲ್ಲಿ “ದೂರದಿಂದ ಗೊತ್ತಾಗುವುದಿಲ್ಲ” ನಡೆಯದು. ಕೇಜನ್ನು ಬಲ್ಲವರಿಂದ ಮಾಡಿಸುವುದೆಂದು ಒಪ್ಪಿಸಿದೆ. ಅವನು ಒಪ್ಪಿದ್ದು ನಿಯಮಕ್ಕಲ್ಲ, 45ರ ಡೈಯ ಬೆಲೆಗೆ ಎಂಬ ಗುಮಾನಿ ನನಗಿದೆ.

ಸದ್ಯಕ್ಕೆ ಉಯ್ಯಾಲೆ ಪೂರ್ತಿಯಾಗಿದೆ, ಗಾಡಿಗೆ ಬಂಪರಿಲ್ಲ, ಟ್ಯೂಬು ಮುಗಿದಿದೆ. ಮೊನ್ನೆ ಹೆಂಡತಿ ಉಯ್ಯಾಲೆಯಲ್ಲಿ ಕುಳಿತಿರುವಾಗಲೇ ಅವನು ಟೇಪು ಹಿಡಿದು ಅದರ ಕಮಾನನ್ನು ಅಳೆಯತೊಡಗಿದ.

“ಅಕ್ಕ, ಇದರ ಅಗಲ ಗಾಡಿಯ ಮೇಲಿನ ಚೌಕಟ್ಟಿಗೆ ಸರಿಯಾಗಿ ಹೊಂದುತ್ತದೆ.”

“ಹಾಗಾದರೆ ಗಾಡಿಯನ್ನೇ ಇದರ ಅಡಿಗೆ ತಂದು ನಿಲ್ಲಿಸು” ಎಂದಳು ಅವಳು, ಕಾಲಿನಿಂದ ನೆಲವನ್ನು ಒಮ್ಮೆ ಮೀಟಿ. “ಕಮಾನು ಎಲ್ಲಿಗೂ ಬರುವುದಿಲ್ಲ.”